ಕ್ರೈಸ್ತ ಧರ್ಮದಲ್ಲಿ ಉಪವಾಸ

ಕ್ರೈಸ್ತ ಧರ್ಮದಲ್ಲಿ ಉಪವಾಸವೆಂದರೆ ಪ್ರಾರ್ಥನೆ, ಪಶ್ಚಾತ್ತಾಪ ಮತ್ತು ದಾನಧರ್ಮಗಳ ಜೊತೆಗೆ ನಿರ್ದಿಷ್ಟ ಕಾಲದವರೆಗೆ ಆಹಾರವನ್ನು ಪೂರ್ತಿಯಾಗಿ ಅಥವಾ ಭಾಗಶಃ ತ್ಯಜಿಸುವ ಆಧ್ಯಾತ್ಮಿಕ ಆಚರಣೆ. ಯೇಸು ಕ್ರಿಸ್ತನು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ಸ್ಮರಣೆಯಾಗಿ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಇದು ಹೆಚ್ಚಾಗಿ ನಡೆಯುತ್ತದೆ. ಕಥೋಲಿಕ, ಆರ್ಥೊಡಾಕ್ಸ್, ಪ್ರೊಟೆಸ್ಟಂಟ್ ಮತ್ತು ಪೆಂತೆಕೋಸ್ತ ಸಭೆಗಳ ನಿಯಮಗಳು ಬೇರೆ ಬೇರೆಯಾಗಿವೆ. ಆದರೆ ಉಪವಾಸವು ಪ್ರದರ್ಶನಕ್ಕಾಗಿ ಇರಬಾರದು, ಹಸಿದವರ ಪಾಲಿಗೆ ಅದರಿಂದ ಏನಾದರೂ ಒದಗಬೇಕು ಎಂಬ ಎರಡು ತತ್ತ್ವಗಳನ್ನು ಎಲ್ಲ ಸಭೆಗಳೂ ಒಪ್ಪುತ್ತವೆ.

ಕರ್ನಾಟಕದಲ್ಲಿ ಕ್ರೈಸ್ತರ ಉಪವಾಸವು ಹಿಂದೂ, ಲಿಂಗಾಯತ, ಜೈನ ಮತ್ತು ಮುಸ್ಲಿಂ ಸಮುದಾಯಗಳ ವ್ರತೋಪವಾಸಗಳ ನಡುವೆ ಬೆಳೆದಿದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸೀಮೆಯಲ್ಲಿ ಈ ಸಹವಾಸದ ಗುರುತುಗಳು ಪದಗಳಲ್ಲಿಯೂ ಆಚರಣೆಯಲ್ಲಿಯೂ ಕಾಣುತ್ತವೆ.

ಪದಗಳು

'ಉಪವಾಸ' ಎಂಬ ಸಂಸ್ಕೃತ ಪದಕ್ಕೆ 'ಹತ್ತಿರ ವಾಸಿಸುವುದು' ಎಂಬುದು ಮೂಲಾರ್ಥ. ದೇವರ ಸನ್ನಿಧಿಯಲ್ಲಿರುವುದು ಎಂದು ಇದನ್ನು ವಿವರಿಸಲಾಗುತ್ತದೆ. ಕನ್ನಡ ಬೈಬಲ್ ಅನುವಾದಗಳು ಈ ಪದವನ್ನೇ ಬಳಸುತ್ತವೆ. ಹೀಬ್ರೂ ಭಾಷೆಯಲ್ಲಿ 'ತ್ಸೋಮ್', ಗ್ರೀಕ್ ಭಾಷೆಯಲ್ಲಿ 'ನೇಸ್ಟೇಯಾ' ಎಂಬ ಪದಗಳಿವೆ. ಈ ಎರಡೂ ಪದಗಳು ಊಟವಿಲ್ಲದಿರುವುದನ್ನು ಸೂಚಿಸುತ್ತವೆ.

ದಿನಕ್ಕೆ ಒಂದೇ ಹೊತ್ತು ಊಟ ಮಾಡುವುದಕ್ಕೆ ಕನ್ನಡದಲ್ಲಿ 'ಒಪ್ಪೊತ್ತು', 'ಒಪ್ಪತ್ತು' ಅಥವಾ 'ಒಂದೊತ್ತು' ಎಂಬ ಮಾತುಗಳು ರೂಢಿಯಲ್ಲಿವೆ. ಪಾಶ್ಚಾತ್ಯ ಕ್ರೈಸ್ತ ಸಂಪ್ರದಾಯದ ಉಪವಾಸವು ಅರ್ಥದಲ್ಲಿ ನಿರಾಹಾರಕ್ಕಿಂತ ಒಪ್ಪತ್ತಿಗೇ ಹೆಚ್ಚು ಸಮೀಪವಾದುದು. ವ್ರತವನ್ನು ಸೂಚಿಸುವ 'ನೋಂಪಿ' ಎಂಬ ಹಳಗನ್ನಡ ಪದ ಜೈನ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಕೇರಳದ ಕ್ರೈಸ್ತರು ಉಪವಾಸಕ್ಕೆ ಬಳಸುವ 'ನೋಂಬು' ಇದರ ಸೋದರ ಪದ.

ಈಸ್ಟರ್‌ಗೆ ಮುಂಚಿನ ಕಾಲವನ್ನು ಕನ್ನಡ ಕಥೋಲಿಕರು 'ತಪಸ್ಸುಕಾಲ' ಎನ್ನುತ್ತಾರೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ 'ಲೆಂಟ್ ಕಾಲ', 'ಶ್ರಮೆಯ ದಿನಗಳು' ಎಂಬ ಮಾತುಗಳಿವೆ. ಈ ಕಾಲದ ಮೊದಲ ದಿನವನ್ನು ಕಥೋಲಿಕರು 'ವಿಭೂತಿ ಬುಧವಾರ' ಎಂದೂ ಇತರರು 'ಬೂದಿ ಬುಧವಾರ' ಎಂದೂ ಕರೆಯುತ್ತಾರೆ.

ಬೈಬಲಿನಲ್ಲಿ ಉಪವಾಸ

ಹಳೆಯ ಒಡಂಬಡಿಕೆ

ಯೆಹೂದ್ಯರ ಧರ್ಮಶಾಸ್ತ್ರವು ಸಮಸ್ತ ಜನರಿಗೂ ವಿಧಿಸಿದ ಉಪವಾಸವು ವರ್ಷಕ್ಕೊಮ್ಮೆ ಬರುವ ದೋಷಪರಿಹಾರಕ ದಿನದ್ದು. ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಇದರ ವಿಧಿ ಇದೆ. ಮೋಶೆಯು ಸೀನಾಯಿ ಬೆಟ್ಟದ ಮೇಲೆ ನಲವತ್ತು ದಿನ ಅನ್ನಪಾನಗಳಿಲ್ಲದೆ ಇದ್ದುದು ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿದೆ. ಎಲೀಯನು ಹೋರೇಬ್ ಬೆಟ್ಟಕ್ಕೆ ನಲವತ್ತು ದಿನ ನಡೆದ ಕಥೆ ಅರಸುಗಳ ಮೊದಲನೆಯ ಗ್ರಂಥದಲ್ಲಿದೆ.

ಸಂಕಟ, ಶೋಕ ಮತ್ತು ಪಶ್ಚಾತ್ತಾಪದ ಸಂದರ್ಭಗಳಲ್ಲಿ ಉಪವಾಸ ಮಾಡಿದ ನಿದರ್ಶನಗಳು ಹಲವು. ಎಸ್ತೇರಳು ಅರಸನ ಮುಂದೆ ಹೋಗುವ ಮುನ್ನ ತನ್ನ ಜನರೊಂದಿಗೆ ಮೂರು ದಿನ ಉಪವಾಸವಿದ್ದಳು. ಯೋನನ ಎಚ್ಚರಿಕೆಯನ್ನು ಕೇಳಿದ ನಿನೆವೆ ಪಟ್ಟಣದಲ್ಲಿ ಅರಸನಿಂದ ಹಿಡಿದು ದನಕರುಗಳವರೆಗೆ ಎಲ್ಲರಿಗೂ ಉಪವಾಸವನ್ನು ಸಾರಲಾಯಿತು. ದಾನಿಯೇಲನು ಮೂರು ವಾರ ರುಚಿಕರ ಆಹಾರ, ಮಾಂಸ ಮತ್ತು ದ್ರಾಕ್ಷಾರಸಗಳನ್ನು ಬಿಟ್ಟಿದ್ದನು.

ಉಪವಾಸದ ಕಟುವಿಮರ್ಶೆಯೂ ಇದೇ ಗ್ರಂಥಗಳಲ್ಲಿದೆ. ಯೆಶಾಯನ ಪ್ರವಾದನೆಯ 58ನೆಯ ಅಧ್ಯಾಯವು ಉಪವಾಸದ ದಿನವೇ ಕೂಲಿಯಾಳುಗಳಿಂದ ದುಡಿಸಿಕೊಂಡು ಜಗಳವಾಡುವವರನ್ನು ಖಂಡಿಸುತ್ತದೆ. ಅನ್ಯಾಯದ ಬಂಧನಗಳನ್ನು ಬಿಚ್ಚುವುದು, ಹಸಿದವರೊಡನೆ ಅನ್ನ ಹಂಚಿಕೊಳ್ಳುವುದು, ಮನೆಯಿಲ್ಲದವರಿಗೆ ಆಶ್ರಯ ಕೊಡುವುದು ದೇವರಿಗೆ ಮೆಚ್ಚುಗೆಯಾದ ಉಪವಾಸವೆಂದು ಅದು ಹೇಳುತ್ತದೆ. ಯೋವೇಲನು ಬಟ್ಟೆಗಳನ್ನು ಹರಿದುಕೊಳ್ಳುವುದಕ್ಕಿಂತ ಹೃದಯದ ಪರಿವರ್ತನೆ ಮುಖ್ಯವೆಂದು ಸಾರಿದನು. ಯೋವೇಲನ ಈ ಭಾಗವನ್ನು ಕಥೋಲಿಕ ದೇವಾಲಯಗಳಲ್ಲಿ ವಿಭೂತಿ ಬುಧವಾರದಂದು ಓದಲಾಗುತ್ತದೆ.

ಹೊಸ ಒಡಂಬಡಿಕೆ

ದೀಕ್ಷಾಸ್ನಾನದ ನಂತರ ಯೇಸು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದು ಸೈತಾನನ ಶೋಧನೆಗಳನ್ನು ಎದುರಿಸಿದ ಪ್ರಸಂಗವು ಮತ್ತಾಯ ಮತ್ತು ಲೂಕರ ಸುವಾರ್ತೆಗಳ 4ನೆಯ ಅಧ್ಯಾಯಗಳಲ್ಲಿದೆ. ಪರ್ವತ ಪ್ರಸಂಗದಲ್ಲಿ ಅವನು ದಾನ, ಪ್ರಾರ್ಥನೆ ಮತ್ತು ಉಪವಾಸಗಳನ್ನು ಒಂದರ ನಂತರ ಒಂದಾಗಿ ಬೋಧಿಸುತ್ತಾನೆ. ಉಪವಾಸ ಮಾಡುವವರು ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡು, ಜನರಿಗೆ ತಿಳಿಯದಂತೆ ಇರಬೇಕೆಂಬುದು ಅಲ್ಲಿಯ ಉಪದೇಶ (ಮತ್ತಾಯ 6:16–18). ಕ್ರೈಸ್ತ ಉಪವಾಸದ ಚರ್ಚೆಗಳೆಲ್ಲ ಈ ಮೂರು ವಚನಗಳಿಗೆ ಮತ್ತೆ ಮತ್ತೆ ಮರಳುತ್ತವೆ.

ಯೇಸುವಿನ ಶಿಷ್ಯರು ಏಕೆ ಉಪವಾಸ ಮಾಡುವುದಿಲ್ಲವೆಂಬ ಪ್ರಶ್ನೆ ಬಂದಾಗ, ಮದುಮಗನು ಜೊತೆಯಲ್ಲಿರುವಾಗ ಮದುವೆಯವರು ದುಃಖಿಸುವುದಿಲ್ಲ, ಅವನನ್ನು ಅವರಿಂದ ತೆಗೆದುಬಿಡುವ ದಿನಗಳಲ್ಲಿ ಉಪವಾಸ ಮಾಡುವರು ಎಂಬ ಉತ್ತರ ಸಿಗುತ್ತದೆ (ಮತ್ತಾಯ 9:14–15). ಶುಕ್ರವಾರದ ಉಪವಾಸಕ್ಕೆ ಈ ಮಾತನ್ನು ಆಧಾರವಾಗಿ ತೋರಿಸಲಾಗುತ್ತದೆ. ಅಂತಿಯೋಕ್ಯದ ಸಭೆಯು ಬಾರ್ನಬ ಮತ್ತು ಸೌಲರನ್ನು ಉಪವಾಸ ಪ್ರಾರ್ಥನೆಗಳೊಂದಿಗೆ ಕಳುಹಿಸಿಕೊಟ್ಟ ವಿವರ ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿದೆ.

ಮಾರ್ಕನ ಸುವಾರ್ತೆಯ 9:29ರಲ್ಲಿ ಕೆಲವು ಹಸ್ತಪ್ರತಿಗಳು 'ಪ್ರಾರ್ಥನೆ' ಎಂಬ ಪದವನ್ನು ಮಾತ್ರ ಹೊಂದಿದ್ದರೆ, ಇನ್ನು ಕೆಲವು 'ಉಪವಾಸ' ಎಂಬ ಪದವನ್ನೂ ಸೇರಿಸುತ್ತವೆ. ಬೈಬಲಿನ ಅನುವಾದಗಳಲ್ಲಿ ಈ ವಚನವು ಎರಡು ಬಗೆಯಾಗಿ ಕಾಣಲು ಇದೇ ಕಾರಣ.

ಇತಿಹಾಸ

ಆದಿಸಭೆ

ಮೊದಲ ಶತಮಾನದ ಕೊನೆಯ ಅಥವಾ ಎರಡನೆಯ ಶತಮಾನದ ಆರಂಭದ ಕೃತಿಯೆಂದು ಹಲವರು ಎಣಿಸುವ 'ದಿದಾಖೆ' ಎಂಬ ಗ್ರಂಥವು ಬುಧವಾರ ಮತ್ತು ಶುಕ್ರವಾರಗಳ ಉಪವಾಸವನ್ನು ವಿಧಿಸುತ್ತದೆ. ಯೆಹೂದ್ಯರಲ್ಲಿ ಭಕ್ತರಾದವರು ಸೋಮವಾರ ಮತ್ತು ಗುರುವಾರ ಉಪವಾಸವಿರುತ್ತಿದ್ದುದರಿಂದ ಈ ದಿನಗಳ ವ್ಯತ್ಯಾಸ ಏರ್ಪಟ್ಟಿತು. ದೀಕ್ಷಾಸ್ನಾನ ಪಡೆಯುವವರೂ ಅದನ್ನು ಕೊಡುವವರೂ ಮುಂಚಿತವಾಗಿ ಉಪವಾಸವಿರಬೇಕೆಂದು ಅದೇ ಗ್ರಂಥ ಹೇಳುತ್ತದೆ.

ಎರಡನೆಯ ಶತಮಾನದ 'ಹೆರ್ಮಾಸನ ಕುರುಬ' ಎಂಬ ಕೃತಿಯು ಉಪವಾಸದ ದಿನ ಉಳಿದ ಊಟದ ಖರ್ಚನ್ನು ಲೆಕ್ಕಹಾಕಿ ವಿಧವೆಗೆ, ಅನಾಥನಿಗೆ ಅಥವಾ ಕೊರತೆಯಲ್ಲಿರುವವನಿಗೆ ಕೊಡಬೇಕೆಂದು ಸೂಚಿಸುತ್ತದೆ. ಕ್ರೈಸ್ತರು ಬಡವನಿಗೆ ಕೊಡಲು ತಮ್ಮಲ್ಲಿ ಹೆಚ್ಚುವರಿ ಇಲ್ಲದಿದ್ದಾಗ ಎರಡು ಮೂರು ದಿನ ಉಪವಾಸವಿದ್ದು ಆ ಆಹಾರವನ್ನು ಒದಗಿಸುತ್ತಾರೆಂದು ಅದೇ ಶತಮಾನದ ಅರಿಸ್ತಿದೇಸನು ತನ್ನ ಸಮರ್ಥನೆಯಲ್ಲಿ ಬರೆದಿದ್ದಾನೆ. ಹೀಗೆ ಉಪವಾಸ ಮತ್ತು ದಾನಗಳ ಸಂಬಂಧವು ಮೊದಲಿನಿಂದಲೂ ಲೆಕ್ಕಕ್ಕೆ ಸಿಗುವಂಥದಾಗಿತ್ತು.

ಈಸ್ಟರ್‌ಗೆ ಮುಂಚಿನ ಉಪವಾಸದ ಅವಧಿಯು ಆರಂಭದಲ್ಲಿ ಒಂದೇ ಸಮನಾಗಿರಲಿಲ್ಲ. ಕೆಲವರು ಒಂದು ದಿನ, ಕೆಲವರು ಎರಡು ದಿನ, ಮತ್ತೆ ಕೆಲವರು ನಲವತ್ತು ಗಂಟೆ ಆಚರಿಸುತ್ತಿದ್ದರೆಂದು ಇರೆನೇಯಸನು ತಿಳಿಸುತ್ತಾನೆ. ಕ್ರಿ.ಶ. 325ರ ನೈಸಿಯಾ ಮಹಾಸಭೆಯ 5ನೆಯ ನಿಯಮದಲ್ಲಿ 'ನಲವತ್ತು' ಎಂಬ ಹೆಸರಿನ ಕಾಲದ ಉಲ್ಲೇಖವಿದೆ. ನಾಲ್ಕನೆಯ ಶತಮಾನದಲ್ಲಿ ನಲವತ್ತು ದಿನಗಳ ಆಚರಣೆ ಎಲ್ಲೆಡೆ ಹರಡಿತು. ಪಾಶ್ಚಾತ್ಯ ಸಭೆಯಲ್ಲಿ ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನಗಳಿದ್ದು, ಅವುಗಳಲ್ಲಿ ಉಪವಾಸವಿಲ್ಲದ ಆರು ಭಾನುವಾರಗಳನ್ನು ಕಳೆದರೆ 40 ಉಳಿಯುತ್ತದೆ.

ಸುಧಾರಣೆಯ ಕಾಲ

ಮಧ್ಯಯುಗದಲ್ಲಿ ತಪಸ್ಸುಕಾಲದ ನಿಯಮಗಳು ಮಾಂಸದ ಜೊತೆಗೆ ಹಾಲು, ಬೆಣ್ಣೆ ಮತ್ತು ಮೊಟ್ಟೆಗಳಿಗೂ ಅನ್ವಯಿಸುತ್ತಿದ್ದವು. 1522ರಲ್ಲಿ ಜೂರಿಕ್ ನಗರದ ಮುದ್ರಕ ಕ್ರಿಸ್ತೋಫ್ ಫ್ರೋಶಾವರನ ಮನೆಯಲ್ಲಿ ತಪಸ್ಸುಕಾಲದಲ್ಲಿ ಮಾಂಸದ ಸಾಸೇಜು ತಿಂದ ಪ್ರಕರಣವು ದೊಡ್ಡ ವಿವಾದವಾಯಿತು. ಅಲ್ಲಿದ್ದರೂ ತಾನು ತಿನ್ನದ ಉಲ್ರಿಚ್ ಜ್ವಿಂಗ್ಲಿಯು ಆಹಾರದ ಆಯ್ಕೆಯಲ್ಲಿ ಕ್ರೈಸ್ತನಿಗೆ ಸ್ವಾತಂತ್ರ್ಯವಿದೆಯೆಂದು ಬೋಧಿಸಿದನು. ಸ್ವಿಸ್ ಧಾರ್ಮಿಕ ಸುಧಾರಣೆಯ ಆರಂಭಿಕ ಘಟನೆಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಸುಧಾರಕರು ಕಡ್ಡಾಯವನ್ನು ವಿರೋಧಿಸಿದರೇ ಹೊರತು ಉಪವಾಸವನ್ನೇ ತಳ್ಳಿಹಾಕಲಿಲ್ಲ. ಜಾನ್ ಕಾಲ್ವಿನ್‌ನು ಶರೀರದ ನಿಗ್ರಹ, ಪ್ರಾರ್ಥನೆಯ ಸಿದ್ಧತೆ ಮತ್ತು ದೇವರ ಮುಂದೆ ದೈನ್ಯದ ಪ್ರಕಟಣೆ ಎಂಬ ಮೂರು ಉದ್ದೇಶಗಳನ್ನು ಅದಕ್ಕೆ ಹೇಳಿದನು. ಮೆಥೋಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿಯು ಆಕ್ಸ್‌ಫರ್ಡ್‌ನಲ್ಲಿ ಬುಧವಾರ ಮತ್ತು ಶುಕ್ರವಾರ ಉಪವಾಸವಿರುತ್ತಿದ್ದನು. 1743ರ ಅವನ 'ಸಾಮಾನ್ಯ ನಿಯಮಗಳು' ಉಪವಾಸ ಅಥವಾ ಆಹಾರ ಸಂಯಮವನ್ನು ಸದಸ್ಯರು ಪಾಲಿಸಬೇಕಾದ ಸಾಧನೆಗಳಲ್ಲಿ ಸೇರಿಸಿವೆ. ಕೆಲವರು ಉಪವಾಸವನ್ನು ಮಿತಿಮೀರಿ ಎತ್ತರಕ್ಕೇರಿಸುತ್ತಾರೆ, ಕೆಲವರು ಪೂರ್ತಿಯಾಗಿ ಕಡೆಗಣಿಸುತ್ತಾರೆ, ಎರಡೂ ತಪ್ಪು ಎಂಬುದು ಅವನ ನಿಲುವಾಗಿತ್ತು. ಬೆಳಗಾವಿ ಭಾಗದಲ್ಲಿ ಮೆಥೋಡಿಸ್ಟ್ ಸಭೆ ನೆಲೆಯೂರಿರುವುದರಿಂದ ಈ ಪರಂಪರೆ ಅಲ್ಲಿಯ ಪ್ರೊಟೆಸ್ಟಂಟರಿಗೆ ನೇರವಾಗಿ ಸಂಬಂಧಿಸಿದೆ.

ಸಭೆಗಳ ನಿಯಮಗಳು

ಕಥೋಲಿಕ ಸಭೆ

ಆರನೆಯ ಪೌಲ್ ಜಗದ್ಗುರುಗಳು 1966ರ ಫೆಬ್ರವರಿ 17ರಂದು ಹೊರಡಿಸಿದ 'ಪೇನಿತೇಮಿನಿ' ಎಂಬ ಶಾಸನವು ಹಳೆಯ ನಿಯಮಗಳನ್ನು ಸಡಿಲಗೊಳಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 1249ರಿಂದ 1253ರವರೆಗಿನ ನಿಯಮಗಳು ಈಗ ಜಾರಿಯಲ್ಲಿವೆ. ಅವುಗಳ ಸಾರಾಂಶ ಹೀಗಿದೆ:

• ವರ್ಷದ ಎಲ್ಲ ಶುಕ್ರವಾರಗಳೂ ತಪಸ್ಸುಕಾಲವೂ ಪ್ರಾಯಶ್ಚಿತ್ತದ ದಿನಗಳು.
• ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಹಾಗೂ ಮಾಂಸವರ್ಜನೆ ಎರಡನ್ನೂ ಪಾಲಿಸಬೇಕು.
• ಮಾಂಸವರ್ಜನೆ 14 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ.
• ಉಪವಾಸವು 18 ವರ್ಷ ತುಂಬಿದವರಿಂದ 60ನೆಯ ವರ್ಷ ಆರಂಭವಾಗುವವರೆಗಿನವರಿಗೆ ಅನ್ವಯಿಸುತ್ತದೆ.
• ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಯು ಮಾಂಸವರ್ಜನೆ ಮತ್ತು ಉಪವಾಸಗಳ ಬದಲಿಗೆ, ಪೂರ್ತಿಯಾಗಿಯೋ ಭಾಗಶಃವೋ, ದಾನಕಾರ್ಯ, ಭಕ್ತಿಕಾರ್ಯಗಳಂಥ ಬೇರೆ ಪ್ರಾಯಶ್ಚಿತ್ತಗಳನ್ನು ಗೊತ್ತುಪಡಿಸಬಹುದು.

ಉಪವಾಸದ ದಿನ ಒಂದು ಪೂರ್ಣ ಊಟ ಮತ್ತು ಬೆಳಿಗ್ಗೆ, ಸಂಜೆ ಸ್ವಲ್ಪ ಆಹಾರ ತೆಗೆದುಕೊಳ್ಳಲು ಅವಕಾಶವಿದೆ. ನೀರು ಮತ್ತು ಔಷಧಿಗೆ ನಿಷೇಧವಿಲ್ಲ. ಇದಲ್ಲದೆ ಪರಮಪ್ರಸಾದ ಸ್ವೀಕರಿಸುವ ಮುನ್ನ ಒಂದು ಗಂಟೆ ಏನನ್ನೂ ತಿನ್ನಬಾರದೆಂಬ ನಿಯಮವಿದೆ. ಹಿಂದೆ ಇದು ಮಧ್ಯರಾತ್ರಿಯಿಂದ ಆರಂಭವಾಗುತ್ತಿತ್ತು. 1957ರಲ್ಲಿ ಮೂರು ಗಂಟೆಗೂ 1964ರಲ್ಲಿ ಒಂದು ಗಂಟೆಗೂ ಇಳಿಯಿತು.

ಪೂರ್ವದ ಸಭೆಗಳು

ಆರ್ಥೊಡಾಕ್ಸ್ ಸಭೆಗಳಲ್ಲಿ ಬುಧವಾರ ಮತ್ತು ಶುಕ್ರವಾರಗಳ ಜೊತೆಗೆ ಹಲವು ದೀರ್ಘ ಉಪವಾಸಕಾಲಗಳಿವೆ. ಮಾಂಸ, ಹಾಲಿನ ಪದಾರ್ಥ ಮತ್ತು ಮೊಟ್ಟೆಗಳನ್ನು ಬಿಡುವುದು ಇಲ್ಲಿಯ ಕ್ರಮ. ಭಾರತದ ಸಂತ ತೋಮಸರ ಕ್ರೈಸ್ತರು ಈಸ್ಟರ್‌ಗೆ ಮುನ್ನ ಐವತ್ತು ದಿನ, ಕ್ರಿಸ್‌ಮಸ್‌ಗೆ ಮುನ್ನ ಇಪ್ಪತ್ತೈದು ದಿನ ಹಾಗೂ ನಿನೆವೆಯ ನೆನಪಿಗೆ ಮೂರು ದಿನ ನೋಂಬು ಹಿಡಿಯುತ್ತಾರೆ. ಕೇರಳದಿಂದ ದಕ್ಷಿಣ ಕನ್ನಡ ಮತ್ತು ಮಲೆನಾಡಿಗೆ ವಲಸೆ ಬಂದ ಕುಟುಂಬಗಳು ಈ ಪದ್ಧತಿಯನ್ನು ಕರ್ನಾಟಕಕ್ಕೆ ತಂದವು. ಸೀರೋ ಮಲಬಾರ್ ಸಭೆಯ ಬೆಳ್ತಂಗಡಿ ಧರ್ಮಪ್ರಾಂತ್ಯ 1999ರಲ್ಲಿಯೂ ಭದ್ರಾವತಿ ಧರ್ಮಪ್ರಾಂತ್ಯ 2007ರಲ್ಲಿಯೂ ಸ್ಥಾಪನೆಯಾದವು.

ಪ್ರೊಟೆಸ್ಟಂಟ್ ಮತ್ತು ಪೆಂತೆಕೋಸ್ತ ಸಭೆಗಳು

ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಮತ್ತು ಮೆಥೋಡಿಸ್ಟ್ ಸಭೆಗಳಲ್ಲಿ ಉಪವಾಸವು ವಯಸ್ಸು ಮತ್ತು ಪ್ರಮಾಣಗಳ ಕಟ್ಟುಪಾಡಿಲ್ಲದೆ ವೈಯಕ್ತಿಕ ನಿರ್ಧಾರಕ್ಕೆ ಬಿಟ್ಟದ್ದು. ಲೆಂಟ್ ಕಾಲದಲ್ಲಿ ವಿಶೇಷ ಪ್ರಾರ್ಥನಾ ಕೂಟಗಳು ನಡೆಯುತ್ತವೆ. ಶುಭ ಶುಕ್ರವಾರದಂದು ಶಿಲುಬೆಯ ಏಳು ಮಾತುಗಳ ಧ್ಯಾನ ಮುಗಿಯುವವರೆಗೆ ಊಟ ಮಾಡದಿರುವುದು ಸಾಮಾನ್ಯ ರೂಢಿ. ಪೆಂತೆಕೋಸ್ತ ಮತ್ತು ಸ್ವತಂತ್ರ ಸಭೆಗಳಲ್ಲಿ 'ಉಪವಾಸ ಪ್ರಾರ್ಥನೆ' ಸಾಮೂಹಿಕವಾಗಿ ನಡೆಯುತ್ತದೆ. ವಾರದ ಒಂದು ದಿನ, ಮೂರು ದಿನ, ಇಪ್ಪತ್ತೊಂದು ದಿನ ಅಥವಾ ನಲವತ್ತು ದಿನಗಳ ಸರಣಿಗಳನ್ನು ರೋಗಶಮನ, ಕುಟುಂಬದ ಕ್ಷೇಮ ಮೊದಲಾದ ನಿರ್ದಿಷ್ಟ ಬೇಡಿಕೆಗಳೊಂದಿಗೆ ಏರ್ಪಡಿಸುತ್ತಾರೆ.

ಕರ್ನಾಟಕದಲ್ಲಿ

ಸನ್ಯಾಸಿ ವೇಷದ ಪಾದ್ರಿಗಳು

ಇಟಲಿಯ ಯೇಸುಸಭೆಯ ಗುರು ರಾಬರ್ಟ್ ಡಿ ನೊಬಿಲಿ 1606ರಲ್ಲಿ ಮಧುರೈಗೆ ಬಂದು, ಸನ್ಯಾಸಿಯಂತೆ ಕಾವಿಯುಟ್ಟು ಮಾಂಸವನ್ನು ಬಿಟ್ಟು ಬದುಕುವ ಕ್ರಮವನ್ನು ಆರಂಭಿಸಿದರು. 17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಮಿಷನ್ ಸ್ಥಾಪಿಸಿದ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದ ಸೀಮೆಯಲ್ಲಿ ಇದೇ ಮಾರ್ಗವನ್ನು ಹಿಡಿದರು. ಉಪವಾಸ ಮಾಡದ, ಮಾಂಸ ತಿನ್ನುವ ಗುರುವನ್ನು ಇಲ್ಲಿಯ ಜನ ಗುರುವೆಂದು ಒಪ್ಪುವುದಿಲ್ಲವೆಂಬ ಅರಿವು ಇದರ ಹಿಂದಿತ್ತು. ಯುರೋಪಿನಲ್ಲಿ ಕಾಲಬದ್ಧವಾಗಿದ್ದ ಮಾಂಸವರ್ಜನೆಯು ಹೀಗೆ ಕನ್ನಡ ನಾಡಿನಲ್ಲಿ ಗುರುವಿನ ನಿತ್ಯದ ವ್ರತವಾಯಿತು.

ದೇಶನೂರಿನ ಮಠ

ಈ ಮಾರ್ಗದ ಇಪ್ಪತ್ತನೆಯ ಶತಮಾನದ ರೂಪವು ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿದೆ. ಅಲ್ಲಿ ಯೇಸುಸಭೆಯ ಗುರುಗಳು ನಡೆಸುವ ಕೇಂದ್ರಕ್ಕೆ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವೆಂದು ಹೆಸರು. ಸ್ನಾನಿಕ ಅರುಳಪ್ಪ ಎಂದರೆ ದೀಕ್ಷಾಸ್ನಾನ ಕೊಡುತ್ತಿದ್ದ ಸಂತ ಯೋವಾನ್ನ. ಸುವಾರ್ತೆಗಳ ಪ್ರಕಾರ ಮಿಡತೆ ಮತ್ತು ಕಾಡುಜೇನು ತಿಂದು ಅರಣ್ಯದಲ್ಲಿ ಬದುಕಿದ ಈ ತಪಸ್ವಿಯ ಹೆಸರಿಗೆ ವಿರಕ್ತ ಮಠವೆಂಬ ಮಾತು ಜೊತೆಯಾದುದು ಅರ್ಥಪೂರ್ಣವಾಗಿದೆ. ಇಲ್ಲಿಯ ಗುರುಗಳು ಕಾವಿ ಧರಿಸಿ ಸಸ್ಯಾಹಾರವನ್ನು ಪಾಲಿಸುತ್ತ ಬಂದವರು. ಜನರು ಇವರನ್ನು 'ಪಾದ್ರಿ ಸ್ವಾಮಿಗಳು' ಎಂದು ಕರೆದರು. ಲಿಂಗಾಯತ ವಿರಕ್ತ ಸ್ವಾಮಿಗಳ ಸರಳ ಬದುಕು ಮತ್ತು ದಾಸೋಹಗಳನ್ನು ಬಲ್ಲ ಸೀಮೆಯಲ್ಲಿ ಕ್ರೈಸ್ತ ಗುರುವಿನ ಆಹಾರ ಸಂಯಮವು ಯಾವ ವಿವರಣೆಯೂ ಇಲ್ಲದೆ ಅರ್ಥವಾಗುವಂಥದು.

ಬೆಳಗಾವಿ ಭಾಗದ ಸಭೆಗಳು

ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದರು. 1904ರಲ್ಲಿ ಈ ಕ್ಷೇತ್ರವು ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಗೆ ಹಸ್ತಾಂತರವಾಯಿತು. ನೆರೆಯ ಧಾರವಾಡದಲ್ಲಿ ಬಾಸೆಲ್ ಮಿಷನ್ 1837ರಿಂದ ಕೆಲಸ ಮಾಡಿತು. ಅದರ ಸಭೆಗಳು ಈಗ ಸಿ.ಎಸ್.ಐ. ಉತ್ತರ ಕರ್ನಾಟಕ ಸಭಾಪ್ರಾಂತ್ಯದಲ್ಲಿವೆ. ಬೆಳಗಾವಿಯ ಕಥೋಲಿಕ ಧರ್ಮಪ್ರಾಂತ್ಯ 1953ರಲ್ಲಿ ಸ್ಥಾಪನೆಯಾಯಿತು. ಹೀಗೆ ಕಡ್ಡಾಯ ಉಪವಾಸದ ಕಥೋಲಿಕ ಪದ್ಧತಿಯೂ ಸ್ವಯಂಪ್ರೇರಿತ ಉಪವಾಸದ ಪ್ರೊಟೆಸ್ಟಂಟ್ ಪದ್ಧತಿಯೂ ಒಂದೇ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲಿವೆ.

ಕರಾವಳಿಯ ಆಚರಣೆ

ಮಂಗಳೂರಿನ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯನ್ನು ಮನೆಗೆ ತಂದು ಸಸ್ಯಾಹಾರದ ಊಟ ಮಾಡುತ್ತಾರೆ. ಮಾಂಸಾಹಾರವು ಹಬ್ಬದ ಗುರುತಾಗಿರುವ ಸಮುದಾಯದಲ್ಲಿ ಈ ದಿನ ಮಾತ್ರ ಅದನ್ನು ಬಿಡುವುದು ಗಮನಾರ್ಹ. ಇದು ಪ್ರಾಯಶ್ಚಿತ್ತದ ಆಚರಣೆಯಲ್ಲ, ಸುಗ್ಗಿಯ ಕೃತಜ್ಞತೆಯ ಆಚರಣೆ.

ನೆರೆಯ ಸಮುದಾಯಗಳ ನಡುವೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಶ್ರಾವಣ ಸೋಮವಾರ, ಏಕಾದಶಿ ಮತ್ತು ಶಿವರಾತ್ರಿಯ ಉಪವಾಸಗಳು ಇಲ್ಲಿಯ ಮನೆಮನೆಯ ರೂಢಿ. ಸವದತ್ತಿಯ ರೇಣುಕಾ ಎಲ್ಲಮ್ಮನ ಭಕ್ತರಿಗೆ ಮಂಗಳವಾರ ಮತ್ತು ಶುಕ್ರವಾರಗಳು ವಿಶೇಷ ದಿನಗಳು. ಶುಕ್ರವಾರ ಉಪವಾಸವಿರುವ ಕ್ರೈಸ್ತನ ಆಚರಣೆ ಹೊರನೋಟಕ್ಕೆ ನೆರೆಯವರ ವಾರದಂತೆಯೇ ಕಾಣುತ್ತದೆ. ಆದರೆ ಅದರ ಕಾರಣ ಬೇರೆ: ಅದು ಯೇಸುವಿನ ಮರಣದ ದಿನದ ಸ್ಮರಣೆ.

ಆಹಾರದ ನಿಯಮದಲ್ಲಿಯೂ ವ್ಯತ್ಯಾಸವಿದೆ. ಏಕಾದಶಿಯಂಥ ವ್ರತಗಳಲ್ಲಿ ಧಾನ್ಯ ವರ್ಜ್ಯ, ಅದರ ಬದಲು ಸಾಬೂದಾಣಿ, ಶೇಂಗಾ, ಹಣ್ಣು, ಹಾಲುಗಳಿಗೆ ಅವಕಾಶವಿರುತ್ತದೆ. ಪಾಶ್ಚಾತ್ಯ ಕ್ರೈಸ್ತ ಪದ್ಧತಿಯಲ್ಲಿ 'ಉಪವಾಸದ ಪದಾರ್ಥ' ಎಂಬ ಪ್ರತ್ಯೇಕ ಪಟ್ಟಿಯಿಲ್ಲ. ಮಾಂಸವನ್ನು ಬಿಟ್ಟು, ಊಟದ ಪ್ರಮಾಣವನ್ನು ತಗ್ಗಿಸಿದರೆ ಸಾಕು. ಜೋಳದ ರೊಟ್ಟಿ, ಪಲ್ಯ, ಅನ್ನ ಯಾವುದಕ್ಕೂ ಅಡ್ಡಿಯಿಲ್ಲ. ಮುಸ್ಲಿಮರ ರೋಜಾದಲ್ಲಿ ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ನೀರನ್ನೂ ಕುಡಿಯುವುದಿಲ್ಲ, ಬಳಿಕ ಊಟಕ್ಕೆ ಅವಕಾಶವಿದೆ. ರಂಜಾನ್ ತಿಂಗಳು ಚಾಂದ್ರಮಾನದಂತೆ ಪ್ರತಿವರ್ಷ ಹಿಂದೆ ಸರಿಯುವುದರಿಂದ ಕೆಲವು ವರ್ಷ ಎರಡೂ ಸಮುದಾಯಗಳ ಉಪವಾಸಗಳು ಒಂದೇ ಕಾಲಕ್ಕೆ ಬರುತ್ತವೆ. 2025ರಲ್ಲಿ ಭಾರತದಲ್ಲಿ ಮಾರ್ಚ್ 2ರಂದು ರೋಜಾ ಆರಂಭವಾದರೆ ಮಾರ್ಚ್ 5ರಂದು ವಿಭೂತಿ ಬುಧವಾರವಿತ್ತು.

'ವಿಭೂತಿ ಬುಧವಾರ' ಎಂಬ ಹೆಸರಿಗೆ ಈ ಸೀಮೆಯಲ್ಲಿ ಇನ್ನೊಂದು ಧ್ವನಿಯಿದೆ. ಲಿಂಗಾಯತರ ಅಷ್ಟಾವರಣಗಳಲ್ಲಿ ವಿಭೂತಿಯೂ ಒಂದು. ಅದು ಭಕ್ತನ ನಿತ್ಯದ ಲಾಂಛನ. ಕಥೋಲಿಕರಲ್ಲಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿಯನ್ನು ವರ್ಷಕ್ಕೊಮ್ಮೆ ಹಣೆಗೆ ಹಚ್ಚಲಾಗುತ್ತದೆ. ಮನುಷ್ಯನು ಮಣ್ಣಿನಿಂದ ಬಂದು ಮಣ್ಣಿಗೆ ಮರಳುವವನೆಂಬ ನೆನಪು ಮತ್ತು ಪಶ್ಚಾತ್ತಾಪ ಅದರ ಅರ್ಥ. ಒಂದೇ ಪದ, ಒಂದೇ ವಸ್ತು ಎರಡು ಸಂಪ್ರದಾಯಗಳಲ್ಲಿ ಬೇರೆ ಅರ್ಥ ಪಡೆದಿರುವುದಕ್ಕೆ ಇದು ನಿದರ್ಶನ.

ಬಾಹ್ಯಾಚಾರದ ವಿಮರ್ಶೆಯಲ್ಲಿಯೂ ಹೋಲಿಕೆಯಿದೆ. ಹನ್ನೆರಡನೆಯ ಶತಮಾನದ ವಚನಕಾರರು ಅಂತರಂಗದ ಶುದ್ಧಿಯಿಲ್ಲದ ವ್ರತನೇಮಗಳನ್ನು ಪ್ರಶ್ನಿಸಿದರು, ದುಡಿಮೆಯ ಫಲವನ್ನು ಹಂಚಿಕೊಳ್ಳುವ ದಾಸೋಹವನ್ನು ಎತ್ತಿಹಿಡಿದರು. ಯೆಶಾಯನ ಪ್ರವಾದನೆ ಮತ್ತು ಪರ್ವತ ಪ್ರಸಂಗಗಳ ಉಪದೇಶಕ್ಕೆ ಈ ನಿಲುವು ಸಮೀಪದ್ದು.

ಹಸಿವು, ಬರ ಮತ್ತು ಉಪವಾಸ

ಕನ್ನಡದಲ್ಲಿ 'ಉಪವಾಸ ಬಿದ್ದರು' ಎಂಬ ಮಾತಿಗೆ ಊಟ ಸಿಗದೆ ಹಸಿದರು ಎಂದೇ ಅರ್ಥ. ವ್ರತದ ಹಸಿವಿಗೂ ಬಡತನದ ಹಸಿವಿಗೂ ಭಾಷೆಯಲ್ಲಿ ಒಂದೇ ಪದವಿದೆ. ಬೆಳಗಾವಿ ಸೀಮೆಯ ಇತಿಹಾಸದಲ್ಲಿ ಎರಡನೆಯ ಬಗೆಯ ಹಸಿವು ಪದೇ ಪದೇ ಬಂದಿದೆ. 1791–92ರ ಬರವನ್ನು ಜನರು 'ಡೋಗಿ ಬರ' ಎಂದು, ಅಂದರೆ ತಲೆಬುರುಡೆಗಳ ಬರವೆಂದು, ನೆನಪಿಟ್ಟರು. ಹೂಳುವವರಿಲ್ಲದೆ ಬಿದ್ದ ಸತ್ತವರ ಬುರುಡೆಗಳಿಂದ ಆ ಹೆಸರು ಬಂದಿತು. 1876–78ರ ಮಹಾಕ್ಷಾಮವು ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳನ್ನು ತೀವ್ರವಾಗಿ ತಟ್ಟಿತು.

ಈ ಹಿನ್ನೆಲೆಯಲ್ಲಿ ದೇವತಾಶಾಸ್ತ್ರದ ಒಂದು ಪ್ರಶ್ನೆ ಏಳುತ್ತದೆ: ಊಟವಿದ್ದೂ ಬಿಡುವವನ ಉಪವಾಸಕ್ಕೆ ಬೆಲೆಯಿದ್ದರೆ, ಊಟವಿಲ್ಲದವನ ಹಸಿವಿಗೆ ಏನೆನ್ನಬೇಕು? ಕ್ರೈಸ್ತ ಬೋಧನೆಯು ಬಲವಂತದ ಹಸಿವನ್ನು ಪುಣ್ಯವೆಂದು ಕರೆಯುವುದಿಲ್ಲ. ಅದು ನಿವಾರಿಸಬೇಕಾದ ಅನ್ಯಾಯ. ಸ್ವಂತ ಇಚ್ಛೆಯಿಂದ ಹಸಿಯುವವನು ಆ ಅನ್ಯಾಯವನ್ನು ಸ್ವಲ್ಪಮಟ್ಟಿಗಾದರೂ ತನ್ನ ಮೈಯಲ್ಲಿ ಅರಿತು, ತಾನು ಬಿಟ್ಟ ಅನ್ನವನ್ನು ಇನ್ನೊಬ್ಬನಿಗೆ ತಲುಪಿಸಬೇಕು. ತಲುಪಿಸದಿದ್ದರೆ ಉಪವಾಸವು ಕೇವಲ ಮಿತವ್ಯಯವಾಗುತ್ತದೆ. ಹೆರ್ಮಾಸನ ಕೃತಿಯ ಲೆಕ್ಕಾಚಾರದ ತಾತ್ಪರ್ಯ ಇದೇ.

ಆಧುನಿಕ ಕಾಲದಲ್ಲಿ ಈ ತತ್ತ್ವ ಸಂಸ್ಥೆಗಳ ರೂಪ ಪಡೆಯಿತು. ಜರ್ಮನಿಯ ಕಥೋಲಿಕ ಧರ್ಮಾಧ್ಯಕ್ಷರು 1958ರಲ್ಲಿ ಆರಂಭಿಸಿದ 'ಮಿಸೆರೆಯೋರ್' ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗಗಳ ವಿರುದ್ಧ ನಿಧಿ ಸಂಗ್ರಹಿಸುತ್ತದೆ. ಭಾರತದಲ್ಲಿ 1962ರಲ್ಲಿ ಸ್ಥಾಪನೆಯಾದ ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲಿ ಇಂಥದೇ ಅಭಿಯಾನ ನಡೆಸುತ್ತದೆ.

ವಿನಾಯಿತಿಗಳು

ಕಥೋಲಿಕ ಪರಂಪರೆಯಲ್ಲಿ ರೋಗಿಗಳು, ಗರ್ಭಿಣಿಯರು, ಬಾಣಂತಿಯರು, ವೃದ್ಧರು ಮತ್ತು ಕಠಿಣ ದೈಹಿಕ ಶ್ರಮದವರು ಉಪವಾಸದ ಬಾಧ್ಯತೆಯಿಂದ ಹೊರಗಿದ್ದಾರೆ. ತಪಸ್ಸುಕಾಲವು ಫೆಬ್ರವರಿಯಿಂದ ಏಪ್ರಿಲ್ ನಡುವೆ ಬರುತ್ತದೆ. ಮಲಪ್ರಭೆಯ ಸೀಮೆಯಲ್ಲಿ ಇದು ಹಿಂಗಾರಿ ಜೋಳ, ಕಡಲೆಗಳ ಸುಗ್ಗಿಯಿಂದ ಬೇಸಿಗೆಯ ಬಿಸಿಲಿನವರೆಗಿನ ಕಾಲ. ಹೊಲದಲ್ಲಿ ಕೂಲಿ ಮಾಡುವವರಿಗೆ ಈ ವಿನಾಯಿತಿ ಮುಖ್ಯವಾಗುತ್ತದೆ. ಊಟದ ಬದಲು ಮದ್ಯ, ತಂಬಾಕು, ಎಲೆಅಡಿಕೆ, ದೂರದರ್ಶನ ಅಥವಾ ಮೊಬೈಲ್ ಬಳಕೆಯನ್ನು ಬಿಡುವ ಸಂಯಮವನ್ನೂ ಇಂದು ಹಲವರು ಅನುಸರಿಸುತ್ತಾರೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರ�ೆ ಅಂಶ ಅಪಾಯಕರವಾಗಿ ಕುಸಿಯಬಹುದು. ಆದುದರಿಂದ ಅವರು ವೈದ್ಯರ ಸಲಹೆಯಿಲ್ಲದೆ ದೀರ್ಘ ಉಪವಾಸ ಮಾಡುವುದು ಸೂಕ್ತವಲ್ಲ. ರೋಗ ಗುಣವಾಗಲೆಂದು ಉಪವಾಸ ಪ್ರಾರ್ಥನೆಯಲ್ಲಿ ಭಾಗವಹಿಸುವವರು ಔಷಧಿಯನ್ನು ನಿಲ್ಲಿಸಬೇಕೆಂಬ ನಿಯಮ ಕಥೋಲಿಕ ಅಥವಾ ಮೆಥೋಡಿಸ್ಟ್ ಬೋಧನೆಯಲ್ಲಿಲ್ಲ.

ಚರ್ಚೆಗಳು

ಉಪವಾಸದ ಕುರಿತು ಕ್ರೈಸ್ತರಲ್ಲಿ ಮೂರು ವಿಷಯಗಳು ಚರ್ಚೆಯಲ್ಲಿವೆ. ಮೊದಲನೆಯದು ಕಡ್ಡಾಯ ಮತ್ತು ಸ್ವಾತಂತ್ರ್ಯದ ಪ್ರಶ್ನೆ. ಸಾಮೂಹಿಕ ನಿಯಮವಿಲ್ಲದಿದ್ದರೆ ಆಚರಣೆಯೇ ಮರೆಯಾಗುತ್ತದೆಂದು ಒಂದು ಪಕ್ಷವೂ, ನಿಯಮವು ಯಾಂತ್ರಿಕತೆಗೆ ದಾರಿಯಾಗುತ್ತದೆಂದು ಇನ್ನೊಂದು ಪಕ್ಷವೂ ವಾದಿಸುತ್ತವೆ. ಎರಡನೆಯದು ಫಲದ ಪ್ರಶ್ನೆ. ಉಪವಾಸದಿಂದ ದೇವರನ್ನು ಒಲಿಸಿ ಬೇಡಿದ್ದನ್ನು ಪಡೆಯಬಹುದೆಂಬ ಭಾವನೆಯನ್ನು ಮುಖ್ಯವಾಹಿನಿಯ ಸಭೆಗಳು ಒಪ್ಪುವುದಿಲ್ಲ. ಉಪವಾಸವು ಬದಲಿಸುವುದು ದೇವರನ್ನಲ್ಲ, ಉಪವಾಸ ಮಾಡುವವನನ್ನು ಎಂಬುದು ಅವುಗಳ ವಿವರಣೆ. ಮೂರನೆಯದು ಪ್ರಕಟಣೆಯ ಪ್ರಶ್ನೆ. ಗುಟ್ಟಾಗಿರಬೇಕಾದ ಉಪವಾಸವನ್ನು ಭಿತ್ತಿಪತ್ರ ಮತ್ತು ಸಾಮಾಜಿಕ ಜಾಲತಾಣಗಳಲ್ಲಿ ಸಾರುವುದು ಮತ್ತಾಯನ ಸುವಾರ್ತೆಯ ಉಪದೇಶಕ್ಕೆ ಹೊಂದುವುದೇ ಎಂದು ಕೇಳಲಾಗುತ್ತದೆ. ಸಾಮೂಹಿಕ ಉಪವಾಸವನ್ನು ಸಾರುವುದಕ್ಕೆ ನಿನೆವೆ ಮತ್ತು ಯೋವೇಲರ ಪ್ರಸಂಗಗಳ ಆಧಾರವಿದೆಯೆಂದು ಅದಕ್ಕೆ ಉತ್ತರಿಸುವವರಿದ್ದಾರೆ.

ಇವನ್ನೂ ನೋಡಿ

• ತಪಸ್ಸುಕಾಲ
• ಶುಭ ಶುಕ್ರವಾರ
• ಈಸ್ಟರ್
• ಏಕಾದಶಿ
• ರಂಜಾನ್
• ದಾಸೋಹ
• ಬೆಳಗಾವಿ ಜಿಲ್ಲೆ